ಏಳನೆಯ ಅಧ್ಯಾಯದ ಮೊದಲ ವಾಕ್ಯ

ಮೆಕ್ನೆಸ್ ಪಟ್ಟಣದ ಸಭಾಭವನದಲ್ಲಿ ಕಾರ್ಯಕ್ರಮ ಇನ್ನೂ ಶುರುವಾಗಿರಲಿಲ್ಲ. ತೀರಿಹೋದ ಅಲ್ಲಾಲನ ಕಾದಂಬರಿಯ ಹೊಸ ಮುದ್ರಣವನ್ನು ತಿರುವುತ್ತಿದ್ದ ಯಾಮ್ನಾ ಏಳನೆಯ ಅಧ್ಯಾಯಕ್ಕೆ ಬಂದವಳೇ ಹೌಹಾರಿದಳು. ಯಾರೋ ಅಲ್ಲೊಂದು ವಾಕ್ಯ ತುರುಕಿದ್ದರು.

ಆ ಪುಸ್ತಕದಲ್ಲಿ ಪ್ರತಿ ಅಧ್ಯಾಯವೂ ಹಿಂದಿನದರ ಕೊನೆಯ ವಾಕ್ಯದಿಂದಲೇ ಶುರುವಾಗುತ್ತದೆ, ಏಳನೆಯದೊಂದನ್ನು ಬಿಟ್ಟು. ಜೀವಮಾನವೆಲ್ಲ ಮಕ್ಕಳಿಗೆ ಭಾಷೆ ಕಲಿಸಿದ ಯಾಮ್ನಾ ಕೂಡ ಮೊದಲ ಸಲ ಓದಿದಾಗ, ಅಲ್ಲಾಲ್ ಇಲ್ಲಿ ಎಡವಿದ್ದಾನೆ ಎಂದುಕೊಂಡಿದ್ದಳು. ಆಮೇಲೊಂದು ದಿನ ಅವನೇ ಮನೆಗೆ ಬಂದ. ಚಹಾದ ಮುಂದೆ ಕೂತು ಎಲ್ಲವನ್ನೂ ಹೇಳಿದ.

ಅವನನ್ನೂ ಇತರ ಕೈದಿಗಳನ್ನೂ ಕೂಡಿಹಾಕಿದ್ದ ಜೈಲಿನಲ್ಲಿ ಕಾಗದವಿರಲಿಲ್ಲ, ದೀಪವಿರಲಿಲ್ಲ. ಅಲ್ಲಾಲ್ ಕಥೆ ಕಟ್ಟಿ ಗೋಡೆಯಾಚೆ ಕೂಗಿ ಹೇಳುತ್ತಿದ್ದ. ಒಂದೊಂದು ಕೋಣೆಯವನು ಒಂದೊಂದು ಅಧ್ಯಾಯವನ್ನು ಬಾಯಿಪಾಠ ಮಾಡಿ ಇಟ್ಟುಕೊಳ್ಳುತ್ತಿದ್ದ. ಸರದಿಯಂತೆ ಒಪ್ಪಿಸುವಾಗ ಒಬ್ಬನ ಕೊನೆಯ ವಾಕ್ಯವನ್ನು ಪಕ್ಕದವನು ತಿರುಗಿ ಹೇಳಿ ಮುಂದುವರಿಸಬೇಕು. ಕಿವಿಗೆ ಬಿತ್ತು, ಬದುಕಿದ್ದೇನೆ ಎನ್ನುವುದಕ್ಕೆ ಅದೇ ಗುರುತು. ಏಳನೆಯದು ಯಾಮ್ನಾಳ ತಮ್ಮ ಬೂಶ್ತಾನ ಪಾಲಿನದು. ಒಂದು ದಿನ ಆರನೆಯವನು ತನ್ನ ಕೊನೆಯ ವಾಕ್ಯ ಹೇಳಿ ಕಾದ. ಉತ್ತರ ಬರಲಿಲ್ಲ. ಮತ್ತೆ ಹೇಳಿದ. ಬರಲಿಲ್ಲ. ಬೂಶ್ತಾನನ್ನು ಎಲ್ಲಿ ಹೂತರೆಂದು ಇವತ್ತಿಗೂ ಯಾರೂ ಹೇಳಿಲ್ಲ.

ಬಿಡುಗಡೆಯಾದ ಮೇಲೆ ಅಲ್ಲಾಲ್ ಆ ಅಧ್ಯಾಯವನ್ನು ನೆನಪಿದ್ದಷ್ಟು ತಾನೇ ಬರೆದ. ಮೊದಲ ವಾಕ್ಯವನ್ನು ಮಾತ್ರ ಬರೆಯಲಿಲ್ಲ. "ಅದು ಅವನು ಹೇಳ್ಬೇಕಾದ್ದು ಅಕ್ಕಾ, ನಾನ್ಹೇಗೆ ಹೇಳ್ಲಿ?" ಎಂದಿದ್ದ.

ಅದುವರೆಗೆ ಯಾಮ್ನಾಳ ಪಾಲಿಗೆ ಆ ಕಾದಂಬರಿ ಮಾಳಿಗೆಯಿಂದ ಮಾಳಿಗೆಗೆ ಕೂಗಾಡುವ ಹೆಂಗಸರ ತಮಾಷೆಯ ಕಥೆಯಾಗಿತ್ತು. ಮತ್ತೆ ಓದಿದಾಗ ಒಂದೊಂದು ಕೂಗಿನ ಹಿಂದೆಯೂ ಒಬ್ಬೊಬ್ಬ ಗಂಡಸಿನ ದನಿ ಕೇಳಿಸಿತು. ಅಂದಿನಿಂದ, ಊರಿನವರು ಗೋರಿಗಳಿಗೆ ನೀರು ಚಿಮುಕಿಸಲು ಹೋಗುವ ಆಶೂರಾ ದಿನ, ಅವಳು ಏಳನೆಯ ಅಧ್ಯಾಯದ ಮೊದಲ ಪುಟ ತೆರೆದು ಕೂರುತ್ತಿದ್ದಳು.

"ಇದನ್ನ ಸೇರಿಸಿದ್ಯಾರು?" ಎಂದು ಪಕ್ಕದಲ್ಲಿದ್ದ ಸಂಪಾದಕ ಜವಾದ್‌ನನ್ನು ಕೇಳಿದಳು. ಅವನು ರಾಜಧಾನಿ ರಬಾತ್‌ನವನು. ಕೋಟಿಗೂ ಇಸ್ತ್ರಿ, ಮಾತಿಗೂ ಇಸ್ತ್ರಿ.

"ನಾನೇ ಲಾಲ್ಲಾ," ಎಂದ, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯ ಮಾತು ಬಳಸಿ. " ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ ನೋಡಿ, ಆ ತಪ್ಪು."

"ನನ್ನನ್ನಾದ್ರೂ ಒಂದು ಮಾತು ಕೇಳ್ಬಹುದಿತ್ತಲ್ಲ. ಅವನ ಬದುಕು ಗೊತ್ತಿದ್ದೋರನ್ನ ಯಾರನ್ನಾದ್ರೂ."

"ಪುಸ್ತಕ ಮುಖ್ಯ ಲಾಲ್ಲಾ. ಬರೆದೋನು ಏನುಂಡ, ಎಲ್ಲಿ ಮಲಗಿದ್ದ ಅನ್ನೋದನ್ನ ಕಟ್ಕೊಂಡು ನಮಗೇನಾಗ್ಬೇಕು?"

"ಎಲ್ಲಿ ಮಲಗಿದ್ದ ಅಂತ ಗೊತ್ತಿಲ್ದೋನು ಅವನ ಪುಸ್ತಕಕ್ಕೆ ಕೈ ಹಾಕ್ಬಾರ್ದಪ್ಪ."

"ಹಾಗೇ ಬಿಟ್ರೆ ಓದೋರು ತಪ್ಪು ಅಂದ್ಕೋತಾರೆ."

"ಅಂದ್ಕೊಳ್ಲಿ. ನಾನೂ ಅಂದ್ಕೊಂಡಿದ್ದೆ. ಆಮೇಲೆ ಕಿವಿ ಕೊಟ್ಟು ಕೇಳ್ದೆ."

ಜವಾದ್ ನಕ್ಕು, ವಯಸ್ಸಾದವರೊಡನೆ ವಾದ ಯಾಕೆ ಎನ್ನುವಂತೆ ವೇದಿಕೆ ಹತ್ತಿದ. ಆ ನಗು ಅವಳಿಗೆ ವಾಕ್ಯಕ್ಕಿಂತ ಹೆಚ್ಚು ಉರಿ ತರಿಸಿತು. ತಿಳಿಯದೆ ಮಾಡಿದ್ದನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. ತಿಳಿಯುವುದೇ ಬೇಡ ಎನ್ನುವವನನ್ನು ಏನು ಮಾಡುವುದು?

ಅಲ್ಲಾಲನ ಆಪ್ತರು ಒಂದೊಂದು ಪುಟ ಓದುವ ಏರ್ಪಾಡಿತ್ತು. ಸರದಿ ಬಂದಾಗ ಯಾಮ್ನಾ ಚೀಲದಿಂದ ತನ್ನ ಹಳೆಯ ಪ್ರತಿ ತೆಗೆದು, ಆರನೆಯ ಅಧ್ಯಾಯದ ಕೊನೆಯ ಪುಟ ಓದಿದಳು. ಒಬ್ಬ ಹೆಂಗಸು ಪಕ್ಕದ ಮಾಳಿಗೆಗೆ ಕೂಗುವುದರೊಂದಿಗೆ ಅದು ಮುಗಿಯುತ್ತದೆ.

"ರೊಟ್ಟಿ ಬೆಂದಿದೆ, ಬಾ."

ಅಲ್ಲಿಗೆ ನಿಲ್ಲಿಸಿದಳು. ಸಭೆ ಕಾಯಿತು. ಮುದುಕಿಗೆ ಸಾಲು ತಪ್ಪಿತೆಂದುಕೊಂಡ ಜವಾದ್, ತನ್ನ ಮೈಕಿಗೆ ಬಾಗಿ ಏಳನೆಯದರ ಶುರುವನ್ನು ಎತ್ತಿಕೊಟ್ಟ: "ರೊಟ್ಟಿ ಬೆಂದಿದೆ, ಬಾ."

ಯಾಮ್ನಾ ಅವನ ಕಡೆಗೆ ತಿರುಗಿದಳು. ದನಿ ಏರಿಸಲಿಲ್ಲ.

"ಅಲ್ಲಿ ಯಾರೂ ಮಾತಾಡ್ಲಿಲ್ಲ. ಅಲ್ಲಿದ್ದೋನು ನನ್ನ ತಮ್ಮ, ಅವನು ಸತ್ತಿದ್ದ. ಆ ಖಾಲಿ ಜಾಗ ಬಿಟ್ರೆ ಅವನಿಗೆ ಬೇರೆ ಗೋರಿ ಇಲ್ಲ. ಅದರ ಮೇಲೆ ನಿಂತಿದ್ದೀಯ ನೀನು, ಇಳಿ."

ಜವಾದ್ ಮೈಕನ್ನು ಬಾಯಿಂದ ಸರಿಸಿದ. ಅವಳು ಪುಟಕ್ಕೆ ಕಣ್ಣು ತಿರುಗಿಸಿ ಅದೇ ವಾಕ್ಯವನ್ನು ಇನ್ನೊಮ್ಮೆ ಓದಿದಳು. ಆರನೆಯ ಕೋಣೆಯವನು ಕಾದಂತೆ ಕಾದಳು. ಈ ಸಲ ಯಾರೂ ಉಸಿರೆತ್ತಲಿಲ್ಲ.