ಬಸ್ ನಿಲ್ದಾಣದ ಹಿಂದಿನ ಸೊಪ್ಪು

ಸುಲಭದ ಗಿಡಗಳನ್ನೇ ಹಾಕೋಣ ಅಂದವಳು ನಾನೇ. ಇನ್ನು ಯಾರನ್ನು ಬೈಯಲಿ?

ಪಾರ್ಕಿನ ಮಾಲಿ ನಾನು. ಬಸ್ ನಿಲ್ದಾಣದ ಹಿಂದೆ ನಾಲ್ಕು ಮಾರು ಜಾಗವನ್ನು ನಮ್ಮ ಇಲಾಖೆಯ ಸಾಹೇಬರ ಕಾಲು ಹಿಡಿದು ಕೇಳಿಕೊಂಡಿದ್ದೆ, ಯಾರು ಬೇಕಾದರೂ ಕಿತ್ತುಕೊಂಡು ಹೋಗುವಂಥ ತೋಟ ಮಾಡೋಕೆ. "ಜನ ಕೀಳೋದನ್ನ ಕಣ್ಣಾರೆ ನೋಡಬೇಕು. ಇಲ್ಲದಿದ್ರೆ ಕಾಂಕ್ರೀಟ್ ಹಾಕಿ ಗಾಡಿ ನಿಲ್ಲಿಸ್ತೀವಿ" ಅಂದಿದ್ದರು.

ಟೊಮೇಟೊಗೆ ಕೋಲು ಕಟ್ಟಬೇಕು, ದಿನಾ ಆರೈಕೆ ಬೇಕು. ಬೀದಿ ಜಾಗದಲ್ಲಿ ಯಾರು ಮಾಡ್ತಾರೆ ಅಷ್ಟೆಲ್ಲಾ? ಅದಕ್ಕೇ ಹರಿವೆ, ಗೋಣಿ ಸೊಪ್ಪು, ಗಣಿಕೆ ಸೊಪ್ಪು ಹಾಕಿದೆ. ಒಂದೆರಡು ದಿನ ನೀರು ಮರೆತರೂ ಮುನಿಸಿಕೊಳ್ಳಲ್ಲ, ಪಾಪ.

ಜನ ಮೂಗು ಮುರಿದರು. "ಇದು ಕಳೆ ಅಲ್ವೇನಮ್ಮಾ?" ಮನೆಮನೆಗೆ ಹೋದೆ, ಅವರೆದುರೇ ಹರಿವೆ ಎಲೆ ಹಸಿಯಾಗಿ ತಿಂದು ತೋರಿಸಿದೆ. ನಾಚಿಕೆ ಬಿಟ್ಟು ಬೇಡಿದೆ ಅಂತಲೇ ಅನ್ನಿ.

ಸಾಹೇಬರು ಬರುವ ದಿನ ಬೆಳಿಗ್ಗೆ ನೋಡುತ್ತೇನೆ, ಹನ್ನೊಂದು ಜನ! ಬಗ್ಗಿ ಬಗ್ಗಿ ಕೀಳುತ್ತಿದ್ದಾರೆ, ಚೀಲ ತುಂಬುತ್ತಿದ್ದಾರೆ. ಸಾಹೇಬರ ಮುಖದಲ್ಲೂ ನಗು. "ಪರವಾಗಿಲ್ಲ ಕಣಮ್ಮಾ, ಗೆದ್ದುಬಿಟ್ಟೆ" ಅಂದರು. ನನಗೆ ಅಳುವೇ ಬಂತು.

ಆಗ ಬಂದ ನಮ್ಮಣ್ಣ. ಅವನೂ ಇದೇ ಇಲಾಖೆಯವನು, ರಸ್ತೆ ಬದಿಯ ಕಳೆಗೆ ಔಷಧಿ ಹೊಡೆಯೋದು ಇಪ್ಪತ್ತು ವರ್ಷದಿಂದ ಅವನ ಕೆಲಸ. ನನ್ನ ಕಿವಿಯಲ್ಲಿ ಹೆಮ್ಮೆಯಿಂದ ಹೇಳಿದ: "ನಿನ್ನೆ ಸಂಜೆ ನೀನು ಮನೆಗೆ ಹೋದ ಮೇಲೆ ಬಂದಿದ್ದೆ ಪುಟ್ಟೀ. ನಿನ್ನ ತರಕಾರಿ ಇನ್ನೂ ಮೊಳೆತೇ ಇಲ್ಲ, ಬರೀ ಕಳೆ. ಸಾಹೇಬರೆದುರು ಮಾನ ಹೋಗಬಾರದು ಅಂತ ಪೂರ್ತಿ ಹೊಡೆದೆ. ಈ ಜನರ ಕೈಲಿ ಕಳೆ ಕೀಳಿಸೋದೇ ಬೇಡವಾಗಿತ್ತು, ಎರಡು ದಿನದಲ್ಲಿ ತಾನೇ ಒಣಗುತ್ತೆ, ನೋಡ್ತಿರು."

ಗಿಡಗಳ ಕಡೆ ತಿರುಗಿ ನೋಡಿದೆ. ಎಲೆಗಳಿನ್ನೂ ಹಸಿರಾಗೇ ಇದ್ದವು. ಸುಮ್ಮನಿದ್ದರೆ ಜಾಗ ನನ್ನದು. ಹಾಗೆ ಒಂದು ಕ್ಷಣ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಗಂಟಲು ಹರಿಯುವಂತೆ ಕೂಗಿದೆ: "ಬಿಸಾಕಿ! ತಿನ್ನಬೇಡಿ! ವಿಷ ಹೊಡೆದಿದೆ!"

ಚೀಲಗಳು ಕೆಳಗೆ ಬಿದ್ದವು. ಒಬ್ಬ ತಾಯಿ ಮಗಳ ಬಾಯಿಗೆ ಬೆರಳು ಹಾಕಿ ಅಗಿದ ಎಲೆ ತೆಗೆದಳು, ನನ್ನ ಮುಖ ನೋಡದೆ ಮಗುವನ್ನೆತ್ತಿಕೊಂಡು ಆಸ್ಪತ್ರೆ ಕಡೆ ಓಡಿದಳು. ಅಣ್ಣ ಅವಳ ಹಿಂದೆಯೇ ಓಡಿದ, ಔಷಧಿಯ ಡಬ್ಬಿ ಹಿಡಿದುಕೊಂಡು, ಡಾಕ್ಟರಿಗೆ ತೋರಿಸೋಕೆ.

ಮಗುವಿಗೆ ಏನೂ ಆಗಲಿಲ್ಲ, ಪುಣ್ಯ. ಆದರೆ ಆ ಬೀದಿಯಲ್ಲಿ ಇನ್ನು ನನ್ನ ಕೈಯಿಂದ ಯಾರೂ ಏನೂ ತಿನ್ನಲ್ಲ.

"ಎಲ್ಲಾ ಕಿತ್ತುಬಿಡಮ್ಮಾ, ಯಾರಾದ್ರೂ ತಿಂದಾರು" ಅಂದರು ಸಾಹೇಬರು, ಮೆಲ್ಲಗೆ. ಕೈಗವಸು ಹಾಕಿಕೊಂಡು ಕೂತೆ. ವಾಪಸ್ಸು ಬಂದ ಅಣ್ಣನೂ ಪಕ್ಕದಲ್ಲಿ ಕೂತ. ಮಧ್ಯಾಹ್ನದೊಳಗೆ ಮುಗಿಸಿದೆವು, ಒಂದನ್ನೂ ಬಿಡಲಿಲ್ಲ.