ಪಿಸುಮಾತು ಬಾರದ ದಾಸಿ

ಕೊಯಮತ್ತೂರಿನ ಕನ್ನಡ ಸಂಘದ ನಾಟಕದಲ್ಲಿ ದಾಸಿಯ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಕೊನೆಗೆ ರಾಣಿಯ ಪಾತ್ರದ ಲಕ್ಷ್ಮೀಪ್ರಿಯಾ, ಗಣಪತಿ ಬಡಾವಣೆಯಲ್ಲಿ ಹಲ್ಲಿನ ಡಾಕ್ಟರು, ತನ್ನಲ್ಲಿಗೆ ಹಲ್ಲು ಕೀಳಿಸಲು ಬಂದಿದ್ದ ಪಕ್ಕದ ಅವಿನಾಶಿ ಊರಿನ ರಾಧಮ್ಮನನ್ನು ಒಪ್ಪಿಸಿದಳು.

ರಾಧಮ್ಮನದು ನೇಕಾರರ ಮನೆ. ಮನೆಮಾತು ಕನ್ನಡವಾದರೂ ಅಕ್ಷರ ಬಾರದು. ಎರಡು ವರ್ಷದ ಹಿಂದೆ ಮೈಸೂರಿನಿಂದ ಬಂದಿದ್ದ ನಿರ್ದೇಶಕ ರಾಮಪ್ರಸಾದ್ ತಾವೇ ಬರೆದ ಸಂಭಾಷಣೆಯನ್ನು ಫೋನಿನಲ್ಲಿ ಓದಿ ಕಳಿಸಿದರು. ಊಟದ ಹೊತ್ತಿಗೆ ಮಗ್ಗ ನಿಂತಾಗ ಅವಳು ಕೇಳಿ ಕೇಳಿ ಬಾಯಿಪಾಠ ಮಾಡಿದಳು.

ತೊಂದರೆ ಬಂದದ್ದು ಗಂಟಲಿನಿಂದ. ಮೂವತ್ತು ವರ್ಷ ಪವರ್‌ಲೂಮ್ ಸದ್ದಿನ ನಡುವೆ ಮಾತಾಡಿದವಳು. ರಾಣಿ ತನ್ನ ಗುಪ್ತ ಪ್ರೇಮವನ್ನು ಹೇಳಿಕೊಂಡರೆ ಇವಳು, "ಯಾರ್ ಹತ್ರಾನೂ ಹೇಳಲ್ಲ ಅಮ್ಮಣಿ" ಎಂದು ಪಿಸುಗುಟ್ಟುವುದು ಗೇಟಿನ ವಾಚ್‌ಮ್ಯಾನ್‌ಗೂ ಕೇಳುತ್ತಿತ್ತು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು.

ರಾಮಪ್ರಸಾದರಿಗೆ ಚಿಂತೆ ಹತ್ತಿತು. "ರಾಣಿ ವಿಷ ಕುಡಿದು ಸಾಯುವಾಗ ಜನ ನಗಬಾರದು ರಾಧಮ್ಮ. ಕೊನೆಯ ದೃಶ್ಯಕ್ಕೆ ನೀವು ಬರೋದು ಬೇಡ."

"ಸರಿ ಸಾರ್," ಎಂದಳು ರಾಧಮ್ಮ. ಮುಖ ಸಪ್ಪಗಾಯಿತು.

ಲಕ್ಷ್ಮೀಪ್ರಿಯಾ ಕಿರೀಟ ತೆಗೆದು ಬೆಂಚಿನ ಮೇಲಿಟ್ಟಳು. "ನನ್ನ ಗುಟ್ಟು ಗೊತ್ತಿರೋದು ಇವರೊಬ್ಬರಿಗೇ. ಇವರಿಲ್ಲದೆ ನಾನು ಯಾರ ಹತ್ರ ಸಾಯಲಿ?"

ಮಾತಾಡದೆ ಕೂತಿರಬೇಕೆಂಬ ಕರಾರಿನ ಮೇಲೆ ರಾಮಪ್ರಸಾದ್ ಒಪ್ಪಿದರು.

ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ರಾಧಮ್ಮನ ಗಂಡ ರಂಗನಾಥ ಅಕ್ಕಪಕ್ಕದ ಮನೆಯವರನ್ನು ಕರೆದುಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದ. ದಾಸಿ ಬಾಯಿ ತೆರೆದಾಗಲೆಲ್ಲ ನಗೆ.

ಕೊನೆಯ ದೃಶ್ಯದಲ್ಲಿ ದಾಸಿ ಜಡೆ ಹೆಣೆಯುತ್ತಿದ್ದಾಗಲೇ ರಾಣಿ ವಿಷ ಕುಡಿದು ಅವಳ ಮಡಿಲಿಗೆ ಒರಗಿದಳು. ರಾಧಮ್ಮ ಹೆಣೆಯುತ್ತಲೇ ಇದ್ದಳು. ಆಮೇಲೆ ಅವಳಿಗರಿವಿಲ್ಲದೆಯೇ ಮಾತು ಬಂತು.

"ತಲೆ ಎತ್ತು ಅಮ್ಮಣಿ. ಇನ್ನೂ ಅರ್ಧ ಜಡೆ ಇದೆ."

ಜನ ರೂಢಿಯಂತೆ ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ರಂಗನಾಥ ಟವೆಲಿನಿಂದ ಕಣ್ಣೊರೆಸಿಕೊಂಡ.

ಪರದೆ ಬಿದ್ದ ಮೇಲೆ ರಾಮಪ್ರಸಾದ್ ಓಡಿಬಂದರು.

"ತಪ್ಪಾಯ್ತಾ ಸಾರ್?"

"ಇಲ್ಲಮ್ಮ. ಅದು ನಾನೇ ಬರೀಬೇಕಾಗಿದ್ದ ಮಾತು. ಮುಂದಿನ ವರ್ಷ ನೀವೇ ರಾಣಿ."

"ಅಯ್ಯೋ, ಬೇಡ ಸಾರ್. ರಾಣಿ ಆದ್ರೆ ಕಣ್ ಮುಚ್ಚಿ ಮಲಗ್ಬೇಕು. ನಂಗೆ ಜನರ ಮುಖ ನೋಡ್ಬೇಕು."

ಮುಖದ ಬಣ್ಣವನ್ನೂ ತೊಳೆಯದೆ ಅವಳು ಅವಿನಾಶಿ ಬಸ್ ಹತ್ತಿದಳು. ನೆರೆಮನೆಯ ಹೆಂಗಸರು ಗುಟ್ಟಿನ ದೃಶ್ಯ ಇನ್ನೊಮ್ಮೆ, ಇನ್ನೊಮ್ಮೆ ಎಂದು ಕಾಡಿದರು. ಊರು ಬರುವಷ್ಟರಲ್ಲಿ ಬಸ್ಸಿನವರೆಲ್ಲ ರಾಣಿಯ ಗುಟ್ಟು ತಿಳಿದುಕೊಂಡಿದ್ದರು.