ತೊಗರಿ ಥಪ್ಪಿಯ ಮೇಲೆ ಬರಿಗಾಲು

ಅಮೃತಪ್ಪನಿಗೆ ಸಾಕ್ಷಿ ಇರಲಿಲ್ಲ.

ಅವನು ಬಿದ್ದದ್ದನ್ನು ಜೊತೆಗೆ ದುಡಿಯುವ ಟೋಳಿಯ ಏಳು ಮಂದಿಯೂ ನೋಡಿದ್ದರು. ಎಲ್ಲರೂ ಅಕ್ಕಲಕೋಟ ಕಡೆಯವರೇ, ಸೊಲ್ಲಾಪುರದ ಗೋದಾಮಿನಲ್ಲಿ ತೊಗರಿ ಚೀಲ ಹೊತ್ತು, ಒಂದರ ಮೇಲೊಂದು ಪೇರಿಸಿ ಥಪ್ಪಿ ಒಟ್ಟುವ ಹಮಾಲರು. ಕಂಪನಿ ಬೂಟು ಕೊಟ್ಟಿತ್ತು. ಬಾಗಿಲ ತನಕ ಹಾಕಿಕೊಂಡು ಬರುತ್ತಿದ್ದರು, ಥಪ್ಪಿ ಹತ್ತುವಾಗ ಬಿಚ್ಚಿಡುತ್ತಿದ್ದರು. ಕಾಳೆಂದರೆ ಲಕ್ಷ್ಮಿ, ಅದರ ಮೇಲೆ ಬೂಟುಗಾಲು ಇಡುವುದುಂಟೆ? ಸೂಪರ್‌ವೈಸರ್ ದಿನಾ ನೋಡಿಯೂ ಸುಮ್ಮನಿರುತ್ತಿದ್ದ. ಗೋಣಿಚೀಲಗಳ ಮೇಲೆ ಬರಿಗಾಲು ಗಟ್ಟಿಯಾಗಿ ನಿಲ್ಲುತ್ತಿತ್ತು. ಈ ವರ್ಷ ಪ್ಲಾಸ್ಟಿಕ್ ಚೀಲ ಬಂದವು. ಅಂಚಿನ ಚೀಲ ಸರಿಪಡಿಸಲು ಹೋದ ಅಮೃತಪ್ಪ ಜಾರಿ, ಸಿಮೆಂಟ್ ನೆಲಕ್ಕೆ ಹಿಮ್ಮಡ ಬಡಿದು ಬಿದ್ದ. ಎಲುಬು ಪುಡಿಯಾಯಿತು.

ಬೂಟಿಲ್ಲದೆ ಹತ್ತಿದ್ದು ಅವನದೇ ತಪ್ಪು ಎಂದಿತು ಕಂಪನಿ. ವಿಚಾರಣೆಗೆ ಸರ್ಕಾರಿ ಅಧಿಕಾರಿ ಗೋದಾಮಿಗೆ ಬರುವವನಿದ್ದ. ಎಲ್ಲರೂ ಹಾಗೆಯೇ ಹತ್ತುತ್ತಾರೆ, ಸೂಪರ್‌ವೈಸರ್‌ಗೂ ಗೊತ್ತು ಎಂದು ಒಬ್ಬ ಹೇಳಿದರೂ ಸಾಕಿತ್ತು. ಕಂಪನಿ ಅಮೃತಪ್ಪನನ್ನು ಕೂತು ಮಾಡುವ ಯಾವುದಾದರೂ ಕೆಲಸಕ್ಕೆ ಇಟ್ಟುಕೊಳ್ಳಬೇಕಾಗುತ್ತಿತ್ತು.

ಅಮೃತಪ್ಪ ವಾರ್ಡಿನಲ್ಲಿ ಕಾದ. ಪಕ್ಕದ ಹಾಸಿಗೆಯ ಮುದುಕನನ್ನು ನೋಡಲು ದಿನಾ ಸಂಜೆ ಜಾತ್ರೆಯೇ ನೆರೆಯುತ್ತಿತ್ತು.

"ಅಣ್ಣಾರ, ನಿಮ್ಮ ಸ್ಟೂಲ್ ತಗೊಳ್ಲೇನ್ರಿ?" ಮುದುಕನ ಸೊಸೆ ಕೇಳಿದಳು. "ಹೆಂಗೂ ಯಾರೂ ಕುಂಡ್ರಂಗಿಲ್ಲ."

"ಒಯ್ರಿ," ಅಂದ.

ವಿಚಾರಣೆ ಮುಗಿದ ಮರುದಿನ ಟೋಳಿಯ ಯಜಮಾನ, ಮುಕಾದಮ ಕಲ್ಲಣ್ಣ ಬಾಳೆಹಣ್ಣು ಹಿಡಿದು ಬಂದ. ಕೂರಲು ಏನೂ ಇರಲಿಲ್ಲ, ನಿಂತೇ ಇದ್ದ.

"ಏನೋ ರಾಜಾ, ಪುಕಟ ಪಲಂಗ! ಮಜಾ ಐತಿ ನಿಂದು."

"ಮಾವಾ, ಸಾಹೇಬಗ ಹೇಳಿದ್ರೇನು?"

ಕಲ್ಲಣ್ಣ ತಾನು ತಂದ ಹಣ್ಣನ್ನು ತಾನೇ ಸುಲಿಯತೊಡಗಿದ. "ಕೇಳಿದ್ರಪಾ. ಎಲ್ಲಾರೂ ಬೂಟ ಹಾಕ್ಕೊಂಡ ಹತ್ತತೀವಿ ಅಂದ್ವಿ."

"ನೀವೂ?"

"ಮೊದ್ಲ ನಾನ ಅಂದೆ. ಖರೇ ಹೇಳಿದ್ರ ನಮ್ಮನ್ನೆಲ್ಲಾ ಹೊರಗ ಹಾಕ್ತಿದ್ರು. ಬ್ಯಾರೆ ಟೋಳಿ ಗೇಟಿನಾಗ ನಿಂತೈತಿ."

"ಈಗರ ಹಾಕ್ಕೊಂಡ ಹತ್ತತೀರೇನು?"

"ಛೇ! ಲಕ್ಷ್ಮಿ ಮ್ಯಾಲ?" ಕಲ್ಲಣ್ಣನಿಗೆ ನಿಜಕ್ಕೂ ಬೇಸರವಾಯಿತು. ಉಳಿದ ಹಣ್ಣನ್ನು ದಿಂಬಿನ ಪಕ್ಕ ಇಟ್ಟು ಹೊರಟ. "ಬರ್ತೀನಪಾ. ಆರಾಮ ಮಾಡು."

ಮತ್ತೆ ಯಾರೂ ಬರಲಿಲ್ಲ. ಗುರುವಾರ ಆಸ್ಪತ್ರೆಯವರು ಅವನನ್ನು ಮನೆಗೆ ಕಳಿಸಿದರು. ಊರುಗೋಲು ಊರಿಕೊಂಡು ಒಬ್ಬನೇ ತನ್ನೂರು ಹನ್ನೂರಿನ ಬಸ್ಸು ಹತ್ತಿದ.

ಅವನು ಕಳೆದುಕೊಂಡದ್ದು ಒಂದು ಹಿಮ್ಮಡ, ಒಂದು ಕೆಲಸ, ಏಳು ಮಂದಿ ಗೆಳೆಯರು.